ಪಿನ್‌ಕೋಡ್ ನೆನಪಿಟ್ಟ ಜಿಲ್ಲೆ

ಚನ್ನಗಿರಿಯ ಪಿನ್‌ಕೋಡ್ 577213. ಹೊನ್ನಾಳಿಯದು 577217, ನ್ಯಾಮತಿಯದು 577223. ಈ ಮೂರೂ 577201 ಎಂಬ ಶಿವಮೊಗ್ಗದ ಸಂಖ್ಯೆಯ ಮನೆತನಕ್ಕೆ ಸೇರಿದವು. ಜಗಳೂರಿನದು 577528. ಅದರ ಹಿರಿಯಣ್ಣ 577501, ಅಂದರೆ ಚಿತ್ರದುರ್ಗ. ದಾವಣಗೆರೆಯದು 577001. ಈ ನಾಲ್ಕೂ ಊರುಗಳು ದಾವಣಗೆರೆ ಜಿಲ್ಲೆಯವು. ಆದರೆ ಅಂಚೆಯ ಸಂಖ್ಯೆಗಳನ್ನಷ್ಟೇ ಕೈಗೆ ಕೊಟ್ಟು ಜಿಲ್ಲೆಯ ನಕ್ಷೆ ಬರೆಯಿರಿ ಎಂದರೆ ನಾಲ್ಕರಲ್ಲಿ ಒಂದೂ ದಾವಣಗೆರೆಯೊಳಗೆ ಬರುವುದಿಲ್ಲ.

ಪಿನ್‌ಕೋಡ್ ಪದ್ಧತಿ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ದಾವಣಗೆರೆ ಜಿಲ್ಲೆ ಹುಟ್ಟಿದ್ದು ಸರಿಯಾಗಿ ಇಪ್ಪತ್ತೈದು ವರ್ಷಗಳ ನಂತರ, 1997ರ ಆಗಸ್ಟ್ 15ರಂದು. ಅಂಚೆಯವರು ಹಳೆಯ ಸಂಸಾರವನ್ನೇ ಮುಂದುವರಿಸಿಕೊಂಡು ಹೋದರು. ಹೊನ್ನಾಳಿ ಸೀಮೆಯಲ್ಲಿ ಹುಟ್ಟಿದ ನನಗೂ ಈ ಜಿಲ್ಲೆಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ನಮ್ಮ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿರುವ ಜಮೀನಿನ ಕಾಗದಗಳ ಮೇಲೆ ಶಿವಮೊಗ್ಗ ಜಿಲ್ಲೆ ಎಂದಿದೆ, ನನ್ನ ಅಂಕಪಟ್ಟಿಯ ಮೇಲೆ ದಾವಣಗೆರೆ ಜಿಲ್ಲೆ ಎಂದಿದೆ. ನಮ್ಮ ಕಡೆಯ ಬಹುಪಾಲು ಮನೆಗಳ ಪೆಟ್ಟಿಗೆ ತೆರೆದರೂ ಇದೇ ಕಥೆ ಸಿಗುತ್ತದೆ. ಹಳೆಯ ಸ್ಕೂಟರಿಗೆ ಕೆಎ 14, ಹೊಸ ಬೈಕಿಗೆ ಕೆಎ 17. ಜಗಳೂರಿನಲ್ಲಾದರೆ ಹಳೆಯದು ಕೆಎ 16.

ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಈ ಮೂರು ಊರುಗಳ ನಡುವಿನ ಪೈಪೋಟಿಯ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಆ ಮೂರು ಊರಿನವರೇ. ಯಾವುದು ದೊಡ್ಡದು, ಮಧ್ಯ ಕರ್ನಾಟಕದ ಹಿರಿತನ ಯಾರದು, ಮಲೆನಾಡಿನ ಬಾಗಿಲು ಹೆಚ್ಚೋ ಹತ್ತಿಯ ಗಿರಣಿ ಹೆಚ್ಚೋ ಏಳುಸುತ್ತಿನ ಕೋಟೆ ಹೆಚ್ಚೋ ಎಂಬ ಜಗಳ ಬಸ್ಸಿನಲ್ಲಿ, ಹಾಸ್ಟೆಲಿನಲ್ಲಿ, ಮದುವೆ ಪಂಕ್ತಿಯಲ್ಲಿ ನಡೆಯುತ್ತಲೇ ಇರುತ್ತದೆ. ಆದರೆ ಈ ಪೈಪೋಟಿಯ ಜಮಾಖರ್ಚು ನಿಜವಾಗಿ ಇರುವುದು ನಡುವಿನ ತಾಲ್ಲೂಕುಗಳಲ್ಲಿ ಎಂದು ನನಗೆ ಅನ್ನಿಸುತ್ತದೆ. ಕೈ ಬದಲಾದದ್ದು ಇವು.

1997ರಲ್ಲಿ ರಾಜ್ಯದ 20 ಜಿಲ್ಲೆಗಳು 27 ಆದವು. ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ಉಡುಪಿ, ಚಾಮರಾಜನಗರಗಳ ಜೊತೆ ದಾವಣಗೆರೆಯೂ ಬಂತು. ಉಳಿದವುಗಳಲ್ಲಿ ಹೆಚ್ಚಿನವು ಒಂದು ತಾಯಿ ಜಿಲ್ಲೆಯಿಂದ ಒಡೆದು ಬಂದವು. ದಾವಣಗೆರೆಗೆ ತಾಯಂದಿರು ಮೂವರು. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ, ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ. ಹರಪನಹಳ್ಳಿಯಂತೂ 1953ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿದ್ದದ್ದು. ಹಳೆಯ ಮೈಸೂರಿನ ಎರಡು ಜಿಲ್ಲೆಗಳ ಚೂರುಗಳಿಗೆ ಮದ್ರಾಸಿನ ಒಂದು ಚೂರನ್ನು ಹೊಲಿದು ಮಾಡಿದ ಕೌದಿ ಇದು.

ಹೊಲಿದವರು ಜೆ.ಎಚ್. ಪಟೇಲರು. ಅವರ ಊರು ಕಾರಿಗನೂರು, ಚನ್ನಗಿರಿ ತಾಲ್ಲೂಕು. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋದವರು, ಅಲ್ಲಿ ಕನ್ನಡದಲ್ಲಿ ಮಾತಾಡಿ ಹೆಸರಾದವರು, ಶಾಂತವೇರಿ ಗೋಪಾಲಗೌಡರ ಸಮಾಜವಾದಿ ಬಳಗದವರು. ಅಂದರೆ ಅಪ್ಪಟ ಶಿವಮೊಗ್ಗ ಜಿಲ್ಲೆಯ ರಾಜಕಾರಣಿ. ಮುಖ್ಯಮಂತ್ರಿಯಾದ ಮರುವರ್ಷವೇ ತಮ್ಮ ಸ್ವಂತ ತಾಲ್ಲೂಕನ್ನು ಶಿವಮೊಗ್ಗದಿಂದ ತೆಗೆದು ದಾವಣಗೆರೆಗೆ ಕೊಟ್ಟರು. 1999ರ ಚುನಾವಣೆಯಲ್ಲಿ ಚನ್ನಗಿರಿಯೇ ಅವರನ್ನು ಸೋಲಿಸಿತು. ಅದಕ್ಕೆ ಜಿಲ್ಲೆಯೇ ಕಾರಣ ಎಂದು ನಾನು ಹೇಳಲಾರೆ. ಆದರೆ ಜಿಲ್ಲೆ ಕೊಟ್ಟದ್ದು ಅವರನ್ನು ಉಳಿಸಲಿಲ್ಲ ಎನ್ನುವುದಂತೂ ಖರೆ.

ಈಗ ತಮಾಷೆ ನೋಡಿ. ಶಿವಮೊಗ್ಗದವರು ನಮ್ಮ ಜಿಲ್ಲೆ ನಾಲ್ವರು ಮುಖ್ಯಮಂತ್ರಿಗಳನ್ನು ಕೊಟ್ಟಿದೆ ಎಂದು ಬೆರಳು ಮಡಿಸುತ್ತಾರೆ. ಕಡಿದಾಳ್ ಮಂಜಪ್ಪ, ಎಸ್. ಬಂಗಾರಪ್ಪ, ಜೆ.ಎಚ್. ಪಟೇಲ್, ಬಿ.ಎಸ್. ಯಡಿಯೂರಪ್ಪ. ದಾವಣಗೆರೆಯವರು ಮೂರನೆಯ ಬೆರಳನ್ನು ಹಿಡಿದುಕೊಳ್ಳುತ್ತಾರೆ, ಪಟೇಲರು ನಮ್ಮವರು, ಜಿಲ್ಲೆಯ ಶಿಲ್ಪಿ ಎನ್ನುತ್ತಾರೆ. ಎರಡೂ ಸರಿ. ನಿಜಲಿಂಗಪ್ಪನವರ ವಿಚಾರದಲ್ಲಿ ಇನ್ನೂ ಕಷ್ಟ. ಹುಟ್ಟಿದ್ದು ಹರಪನಹಳ್ಳಿ ತಾಲ್ಲೂಕಿನ ಹಲುವಾಗಲಿನಲ್ಲಿ, ಶಾಲೆ ಕಲಿತದ್ದು ದಾವಣಗೆರೆಯಲ್ಲಿ, ವಕೀಲಿಕೆ ಮಾಡಿದ್ದು ಚಿತ್ರದುರ್ಗದಲ್ಲಿ, ಸ್ಮಾರಕ ಇರುವುದು ಚಿತ್ರದುರ್ಗದ ಹತ್ತಿರದ ಸೀಬಾರದಲ್ಲಿ. ಹುಟ್ಟೂರು ಅವರ ಕಾಲದಲ್ಲಿ ಬಳ್ಳಾರಿ, ಆಮೇಲೆ ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ ಜಿಲ್ಲೆ.

ದಾವಣಗೆರೆ ಜಿಲ್ಲಾ ಕೇಂದ್ರ ಆದದ್ದು ಪಟೇಲರ ಔದಾರ್ಯದಿಂದ ಮಾತ್ರ ಎಂದುಕೊಳ್ಳುವುದು ತಪ್ಪು. ಅದರ ಬೇರು ಹಳೆಯದು. ಹೈದರಾಲಿ ಈ ಊರನ್ನು ಅಪ್ಪಾಜಿರಾಮ್ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ, ಆತ ವರ್ತಕರನ್ನು ಕರೆತಂದು ನೆಲೆಗೊಳಿಸಿದ ಎಂದು ರೈಸ್ ಗೆಜೆಟಿಯರಿನಲ್ಲಿ ಬರೆದಿದ್ದಾನೆ. ಊರು ಹುಟ್ಟಿದ್ದೇ ಅಂಗಡಿಯ ಸಲುವಾಗಿ. ಆದರೆ ಪೇಟೆಯನ್ನು ನಗರ ಮಾಡಿದ್ದು ರೈಲು. ಬೆಂಗಳೂರಿನಿಂದ ಹರಿಹರದ ಕಡೆಗೆ 19ನೇ ಶತಮಾನದ ಕೊನೆಯಲ್ಲಿ ಹಾಕಿದ ಹಳಿ ದಾವಣಗೆರೆಯ ಮೇಲೆ ಹೋಯಿತು, ಜಿಲ್ಲಾ ಕೇಂದ್ರ ಚಿತ್ರದುರ್ಗವನ್ನು ಬಿಟ್ಟು ಹೋಯಿತು. ಚಿತ್ರದುರ್ಗಕ್ಕೆ ಸಿಕ್ಕಿದ್ದು ಚಿಕ್ಕಜಾಜೂರಿನಿಂದ ಕವಲೊಡೆದ ಹಳಿ. ಶಿವಮೊಗ್ಗಕ್ಕೂ ಹಾಗೆಯೇ ಬೀರೂರಿನಿಂದ ಕವಲು. ಮುಖ್ಯ ಹಳಿಯ ಮೇಲೆ ಕೂತವನಿಗೆ ಹತ್ತಿ ಬಂತು, ಗಿರಣಿ ಬಂತು, ಗಿರಣಿಯ ಹಿಂದೆ ಕೂಲಿ ಬಂತು, ಕೂಲಿಯ ಹಿಂದೆ ಸಂಘ ಬಂತು. ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಿತ್ತು. ಗಿರಣಿಯ ಹಣ, ಮಂಡಿಯ ಹಣ ಶಾಲೆ ಕಾಲೇಜಾಯಿತು. 1951ರಲ್ಲಿ ತವನಪ್ಪನವರ್ ಕುಟುಂಬದ ಕೊಡುಗೆಯಿಂದ ಇಂಜಿನಿಯರಿಂಗ್ ಕಾಲೇಜು, 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು. ಇಷ್ಟೆಲ್ಲ ಇದ್ದೂ ಒಂದು ಕಾಗದಕ್ಕೆ ಕಲೆಕ್ಟರ್ ಸಹಿ ಬೇಕಾದರೆ ದಾವಣಗೆರೆಯವನು ಚಿತ್ರದುರ್ಗಕ್ಕೆ ಹೋಗಬೇಕಿತ್ತು. ಆ ಊರಿನ ವರ್ತಕರಿಗೆ ಇದು ಎಷ್ಟು ಚುಚ್ಚಿರಬೇಕು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಚಿತ್ರದುರ್ಗದವರ ನೋವು ಬೇರೆ. ಅವರ ಜಿಲ್ಲೆಯ ದುಡಿಯುವ ಕೈ ಹೋಯಿತು. ಉಳಿದದ್ದು ಇತಿಹಾಸ ಮತ್ತು ಬರ.

ಈ ನೆಲದ ಎಳೆದಾಟ 1997ರದ್ದಲ್ಲ. ಚನ್ನಗಿರಿಗೆ ಆ ಹೆಸರು ಕೆಳದಿಯ ಚೆನ್ನಮ್ಮಾಜಿಯಿಂದ ಬಂತು ಎನ್ನುತ್ತಾರೆ. ಅದರ ಪಕ್ಕದ ಸಂತೇಬೆನ್ನೂರು, ಬಸವಾಪಟ್ಟಣಗಳಲ್ಲಿ ಬೇರೆಯದೇ ನಾಯಕ ಮನೆತನ ಇತ್ತು. ಸಂತೇಬೆನ್ನೂರಿನ ಪುಷ್ಕರಣಿಯನ್ನು ಕಟ್ಟಿಸಿದ ಕೆಂಗ ಹನುಮಪ್ಪನಾಯಕ ಆ ಮನೆತನದವನು. ಅದೇ ಪುಷ್ಕರಣಿಯ ದಡದ ಮುಸಾಫಿರಖಾನೆ ಬಿಜಾಪುರದ ರಣದುಲ್ಲಾಖಾನನ ಕಾಲದ್ದು. ಪಡುವಲಲ್ಲಿ ಕೆಳದಿ, ಮೂಡಲಲ್ಲಿ ಚಿತ್ರದುರ್ಗ, ಬಡಗಲಲ್ಲಿ ಬಿಜಾಪುರ. ನಡುವಿನ ಈ ಸೀಮೆ ಯಾರ ಕೈಗೂ ಪೂರ್ತಿ ದಕ್ಕಲಿಲ್ಲ, ಯಾರೂ ಪೂರ್ತಿ ಬಿಡಲೂ ಇಲ್ಲ. 1748ರ ಸುಮಾರಿಗೆ ಮಾಯಕೊಂಡದಲ್ಲಿ ದೊಡ್ಡ ಕಾಳಗವಾಯಿತು. ಒಂದು ಕಡೆ ಚಿತ್ರದುರ್ಗ, ಇನ್ನೊಂದು ಕಡೆ ಬಿದನೂರು, ರಾಯದುರ್ಗ, ಹರಪನಹಳ್ಳಿ, ಸವಣೂರು. ದುರ್ಗದ ಮದಕರಿನಾಯಕ ಅಲ್ಲಿ ಬಿದ್ದ. ಕೊನೆಯ ಮದಕರಿ ಅಲ್ಲ, ಅವನಿಗಿಂತ ಹಿಂದಿನವನು. ಮಾಯಕೊಂಡ ಈಗ ದಾವಣಗೆರೆ ತಾಲ್ಲೂಕಿನ ಒಂದು ಹೋಬಳಿ ಊರು. ಮುಂದೆ 1830-31ರ ನಗರ ದಂಗೆಯಲ್ಲಿ ರೈತರು ಎದ್ದು ನಿಂತಾಗ ಬಸವಾಪಟ್ಟಣ, ಹೊನ್ನಾಳಿಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಆ ದಂಗೆಯ ನೆಪದಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನೇ ಕೈಗೆ ತೆಗೆದುಕೊಂಡರು. ರಾಜ್ಯದ ಹಣೆಬರಹ ಬದಲಿಸಿದ ಘಟನೆಯೊಂದು ಹೀಗೆ ನಮ್ಮ ಹೊಳೆದಂಡೆಯಲ್ಲಿ ನಡೆದಿದೆ. ಆದರೂ ಅದನ್ನು ಹೇಳುವವರು ಶಿವಮೊಗ್ಗದ ಇತಿಹಾಸವೆಂದು ಹೇಳುತ್ತಾರೆ, ದಾವಣಗೆರೆಯ ಇತಿಹಾಸ ಬರೆಯುವವರು ಗಿರಣಿಗಳಿಂದ ಶುರು ಮಾಡುತ್ತಾರೆ.

ಇವತ್ತಿನ ಕಾಳಗಗಳಲ್ಲಿ ಯಾರೂ ಸಾಯುವುದಿಲ್ಲ, ಅದೇ ಸಮಾಧಾನ. 2007ರಲ್ಲಿ ದಾವಣಗೆರೆ ಮಹಾನಗರಪಾಲಿಕೆಯಾಯಿತು, ಶಿವಮೊಗ್ಗ ಕೆಲವು ವರ್ಷ ಕಾಯಬೇಕಾಯಿತು. ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿ 2016ರ ಜನವರಿಯಲ್ಲಿ ಬಂದಾಗ ಕರ್ನಾಟಕದಿಂದ ಇದ್ದದ್ದು ಬೆಳಗಾವಿ ಮತ್ತು ದಾವಣಗೆರೆ. ಶಿವಮೊಗ್ಗದ ಹೆಸರು ಬಂದದ್ದು ಅದೇ ವರ್ಷ ಸೆಪ್ಟೆಂಬರಿನ ಪಟ್ಟಿಯಲ್ಲಿ. 2023ರ ಫೆಬ್ರವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ತೆರೆದಾಗ ಶಿವಮೊಗ್ಗ ಆ ಲೆಕ್ಕವನ್ನೆಲ್ಲ ಒಂದೇ ಏಟಿಗೆ ಚುಕ್ತಾ ಮಾಡಿತು. ಸಾಹಿತ್ಯದಲ್ಲೂ ಒಂದು ಲೆಕ್ಕವಿದೆ. 1992ರ ದಾವಣಗೆರೆಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಬಂದವರು ಶಿವಮೊಗ್ಗ ಜಿಲ್ಲೆಯ ಜಿ.ಎಸ್. ಶಿವರುದ್ರಪ್ಪನವರು. ಆ ಸಲ ಎರಡೂ ಊರಿಗೆ ಗೌರವ ಬಂತು.

ಈ ಎಲ್ಲ ಬಿರುದುಗಳಲ್ಲಿ ನಡುವಿನ ಊರುಗಳಿಗೆ ಏನು ಬಂತು ಎಂದು ಕೇಳಿದರೆ ಉತ್ತರ ಊರಿಂದ ಊರಿಗೆ ಬೇರೆ.

ನ್ಯಾಮತಿಯಿಂದ ಶುರು ಮಾಡುತ್ತೇನೆ, ಅದು ನನಗೆ ಚೆನ್ನಾಗಿ ಗೊತ್ತು. ನ್ಯಾಮತಿಗೂ ಶಿವಮೊಗ್ಗಕ್ಕೂ ಒಂದು ಗಂಟೆಯೊಳಗಿನ ದಾರಿ. ಆ ತಾಲ್ಲೂಕಿನ ಸವಳಂಗ ಇರುವುದೇ ಶಿವಮೊಗ್ಗ ಶಿಕಾರಿಪುರ ರಸ್ತೆಯ ಮೇಲೆ. ಅಲ್ಲಿಯವರಿಗೆ ಬಟ್ಟೆ, ಬಂಗಾರ, ಸಿನಿಮಾ, ಆಸ್ಪತ್ರೆ ಎಲ್ಲ ಶಿವಮೊಗ್ಗ. ರಾತ್ರಿ ಎದೆನೋವು ಬಂದವರನ್ನು ಕರೆದುಕೊಂಡು ಹೋಗುವುದು ಮೆಗ್ಗಾನ್ ಆಸ್ಪತ್ರೆಗೆ, ದಾವಣಗೆರೆಯ ಚಿಗಟೇರಿ ಆಸ್ಪತ್ರೆಗಲ್ಲ. ಆದರೆ ಜಿಲ್ಲಾಧಿಕಾರಿಗೆ ಅರ್ಜಿ ಕೊಡಬೇಕಾದರೆ ಹೊನ್ನಾಳಿ ದಾಟಿ, ಹೊಳೆ ದಾಟಿ ದಾವಣಗೆರೆಗೆ ಹೋಗಬೇಕು, ಬೆಳಗಿನ ಬಸ್ಸು ಹಿಡಿದರೆ ಸಂಜೆಗೆ ವಾಪಸ್ಸು. ದೇಶದ ನಾನಾ ಕಡೆಯಿಂದ ಬಂಜಾರ ಸಮುದಾಯದವರು ಸೇವಾಲಾಲರ ಜನ್ಮಸ್ಥಳವೆಂದು ಫೆಬ್ರವರಿಯಲ್ಲಿ ಬರುವ ಸೂರಗೊಂಡನಕೊಪ್ಪವೂ ಇದೇ ತಾಲ್ಲೂಕಿನಲ್ಲಿದೆ. ಮಹಾರಾಷ್ಟ್ರದಿಂದ, ತೆಲಂಗಾಣದಿಂದ ಬಂದವರು ದಾರಿ ಕೇಳಿದಾಗ ನಮ್ಮವರು ಮೊದಲು ಶಿವಮೊಗ್ಗದ ಹೆಸರು ಹೇಳಿ ಆಮೇಲೆ ಜಿಲ್ಲೆ ದಾವಣಗೆರೆ ಎಂದು ಸೇರಿಸುತ್ತಾರೆ.

2017ರ ಬಜೆಟ್ಟಿನಲ್ಲಿ ಸಿದ್ದರಾಮಯ್ಯನವರು ಘೋಷಿಸಿದ 49 ಹೊಸ ತಾಲ್ಲೂಕುಗಳಲ್ಲಿ ನ್ಯಾಮತಿಯೂ ಇತ್ತು, ಮರುವರ್ಷ ತಹಶೀಲ್ದಾರರ ಕಚೇರಿ ಬಂತು. ಆಗ ದೊಡ್ಡ ಊರುಗಳ ಪೈಪೋಟಿಯ ಒಂದು ಪುಟ್ಟ ಪ್ರತಿ ನಮ್ಮಲ್ಲೂ ತಯಾರಾಯಿತು. ಹೊನ್ನಾಳಿಯವರಿಗೆ ನ್ಯಾಮತಿ ಎಂದರೆ ತಮ್ಮ ಹೋಬಳಿ. ನ್ಯಾಮತಿಯವರಿಗೆ ತಮ್ಮದು ಮಲೆನಾಡಿನ ಸರಕು ಬಯಲುಸೀಮೆಗೆ ಇಳಿಯುವ ಹಳೆಯ ವ್ಯಾಪಾರದ ಪೇಟೆ, ಹೊನ್ನಾಳಿ ಬರೀ ಕಚೇರಿಯ ಊರು. ದಾವಣಗೆರೆ ಚಿತ್ರದುರ್ಗದ ಬಗ್ಗೆ ಆಡುತ್ತಿದ್ದ ಮಾತೂ ಅಕ್ಷರಶಃ ಇದೇ. ತಾಲ್ಲೂಕು ಎರಡಾದರೂ ಶಾಸಕ ಒಬ್ಬನೇ, ಕ್ಷೇತ್ರದ ಹೆಸರು ಹೊನ್ನಾಳಿ. ಜಗಳ ಹದ್ದು ಮೀರದಿರಲು ಅದೂ ಒಂದು ಕಾರಣವಿರಬಹುದು.

ಚನ್ನಗಿರಿ ಎರಡೂ ಕಡೆ ಕಾಲಿಟ್ಟು ನೆಮ್ಮದಿಯಾಗಿದೆ. ಅದರ ಬಲ ಅಡಿಕೆ. ಪತ್ರಿಕೆಗಳ ಅಡಿಕೆ ಧಾರಣೆಯ ಅಂಕಣದಲ್ಲಿ ಚನ್ನಗಿರಿಗೆ ತನ್ನದೇ ಸಾಲಿದೆ, ಶಿವಮೊಗ್ಗದ ಸಾಲಿನ ಹತ್ತಿರವೇ. ಶಿವಮೊಗ್ಗದ ಮ್ಯಾಮ್ಕೋಸಿಗೆ ಸರಿಸಮನಾಗಿ ನಿಲ್ಲುವ ತುಮ್ಕೋಸ್ ಚನ್ನಗಿರಿಯದು. ಜಿಲ್ಲೆ ಯಾವುದಾದರೂ ಆಗಲಿ, ರಾಶಿ ಅಡಿಕೆಗೆ ಕ್ವಿಂಟಲಿಗೆ ಎಷ್ಟು ಎಂಬುದು ಚನ್ನಗಿರಿಯ ಪ್ರಶ್ನೆ. ಭತ್ತ, ಮೆಕ್ಕೆಜೋಳದವರು ದಾವಣಗೆರೆಯ ಕಡೆ ಮುಖ ಮಾಡುತ್ತಾರೆ, ಅಡಿಕೆಯವರು ಪಡುವಣಕ್ಕೆ. ಹಾಲಿನದು ಇನ್ನೊಂದು ದಾರಿ. ಜಿಲ್ಲೆ ಬೇರೆಯಾದ ಮೇಲೂ ಎರಡು ದಶಕಕ್ಕೂ ಹೆಚ್ಚು ಕಾಲ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಮೂರರ ಹಾಲೂ ಶಿವಮೊಗ್ಗ ಒಕ್ಕೂಟದ ಲೆಕ್ಕಕ್ಕೇ ಸೇರುತ್ತ ಬಂತು. ಪಿನ್‌ಕೋಡಿನಷ್ಟೇ ಹಸುಗಳೂ ಹಳೆಯ ನಕ್ಷೆಗೆ ನಿಷ್ಠರು.

ನೀರಿನ ವಿಷಯ ಬಂದಾಗ ಮಾತ್ರ ನಗು ಸ್ವಲ್ಪ ಕಡಿಮೆಯಾಗುತ್ತದೆ. ಭದ್ರಾ ಅಣೆಕಟ್ಟು ಲಕ್ಕವಳ್ಳಿಯಲ್ಲಿದೆ, ಅದು ಚಿಕ್ಕಮಗಳೂರು ಜಿಲ್ಲೆ. ಕಾಡಾ ಕಚೇರಿ ಶಿವಮೊಗ್ಗದ ಮಲವಗೊಪ್ಪದಲ್ಲಿದೆ. ಬಲದಂಡೆ ನಾಲೆ ಚನ್ನಗಿರಿಯ ಗದ್ದೆ ತೋಟಗಳನ್ನು ಹಾದು ದಾವಣಗೆರೆಯ ಕೊನೆಯ ಭಾಗ ತಲುಪುವ ಹೊತ್ತಿಗೆ ನೀರು ಎಷ್ಟು ಉಳಿದಿರುತ್ತದೆ ಎಂಬುದೇ ಪ್ರತಿ ಬೇಸಿಗೆಯ ಪ್ರಶ್ನೆ. ಕೊನೆಯ ಭಾಗದ ರೈತ ಭತ್ತಕ್ಕೆ ನೀರು ಬಿಡಿ ಎನ್ನುತ್ತಾನೆ, ಮೇಲಿನವನು ಅಡಿಕೆಗೆ ಬೇಸಿಗೆಯ ಕೊನೆಯವರೆಗೂ ಬೇಕು, ಉಳಿಸಿ ಬಿಡಿ ಎನ್ನುತ್ತಾನೆ. ಇಲ್ಲಿ ಶಿವಮೊಗ್ಗ ದಾವಣಗೆರೆ ಎಂಬ ಗಡಿ ಕೆಲಸಕ್ಕೆ ಬರುವುದಿಲ್ಲ. ದಾವಣಗೆರೆ ಜಿಲ್ಲೆಯೊಳಗಿನ ಚನ್ನಗಿರಿಯ ಅಡಿಕೆ ತೋಟದವನೂ ಭದ್ರಾವತಿಯ ತೋಟದವನೂ ಒಂದು ಪಕ್ಷ. ಇನ್ನು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ನೀರು ಪೈಪಿನಲ್ಲಿ ಚಿತ್ರದುರ್ಗಕ್ಕೆ ಕುಡಿಯಲು ಹೋಗುತ್ತದೆ. ಜಿಲ್ಲೆ ಕಳೆದುಕೊಂಡ ಊರು ಆ ಜಿಲ್ಲೆಯ ಕೆರೆಯನ್ನೇ ಕುಡಿಯುತ್ತಿದೆ, ಅದಕ್ಕೆ ಯಾರೂ ತಕರಾರು ಮಾಡಬಾರದು ಎಂಬುದು ನನ್ನ ಅಭಿಪ್ರಾಯ.

ಜಗಳೂರಿಗೆ ಇಂಥ ಎರಡು ಕಡೆಯ ಸುಖ ಇಲ್ಲ. ಅದು ಮೊದಲು ಚಿತ್ರದುರ್ಗದ ಬಡಗಣ ಅಂಚಾಗಿತ್ತು, ಈಗ ದಾವಣಗೆರೆಯ ಮೂಡಣ ಅಂಚು. ಎರಡು ಸಲವೂ ಅಂಚೇ. ನಾಲೆಯ ನೀರು ಮುಟ್ಟದ ಕಪ್ಪು ಕೆಂಪು ಹೊಲಗಳು, ಕುರುಚಲು ಕಾಡು. ಆ ಕಾಡಿನಲ್ಲಿ ಕೊಂಡುಕುರಿ ಎಂಬ ನಾಲ್ಕು ಕೊಂಬಿನ ಜಿಂಕೆ ಉಳಿದುಕೊಂಡಿದೆ, ಅದಕ್ಕಾಗಿಯೇ ರಂಗಯ್ಯನದುರ್ಗ ವನ್ಯಧಾಮವಾಗಿದೆ. ತುಂಗಭದ್ರೆಯಿಂದ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆಯನ್ನು, ಭದ್ರಾ ಮೇಲ್ದಂಡೆಯನ್ನು ಆ ತಾಲ್ಲೂಕು ವರ್ಷಗಟ್ಟಲೆ ಕಾದಿದೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಮೇಲ್ದಂಡೆಗೆ 5,300 ಕೋಟಿ ರೂಪಾಯಿ ಎಂದು ಓದಿದಾಗ ಚಿತ್ರದುರ್ಗವೂ ಜಗಳೂರೂ ಒಟ್ಟಿಗೆ ಕಿವಿ ನಿಮಿರಿಸಿದವು. ಅಧಿಕಾರದ ನಕ್ಷೆಯಲ್ಲಿ ಬೇರೆಯಾದವರು ಬರದ ನಕ್ಷೆಯಲ್ಲಿ ಒಂದೇ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವು ಎಂದು ಗುರುತಿಸಿತು. ಜಿಲ್ಲೆಯಾಗಿ ಐದು ವರ್ಷವಾಗಿತ್ತು. ಆ ಪಟ್ಟಿಯಲ್ಲಿ ಜಗಳೂರಿದೆ, ಹೊನ್ನಾಳಿಯಿದೆ, ಅಡಿಕೆಯ ಚನ್ನಗಿರಿಯೂ ಇದೆ. ನ್ಯಾಮತಿ ಆಗ ಹೊನ್ನಾಳಿಯ ಒಳಗಿತ್ತು. ಮೂರು ನಗರಗಳು ಯಾರು ಮುಂದೆ ಎಂದು ಓಡುತ್ತಿದ್ದಾಗ ನಡುವಿನ ತಾಲ್ಲೂಕುಗಳು ಎಲ್ಲಿದ್ದವು ಎಂಬುದಕ್ಕೆ ಇದಕ್ಕಿಂತ ಬೇರೆ ದಾಖಲೆ ಬೇಕಿಲ್ಲ. ನಾಲ್ಕೂ ಪಟ್ಟಣಗಳಲ್ಲಿ ಒಂದರಲ್ಲೂ ಇವತ್ತಿಗೂ ರೈಲು ನಿಲ್ದಾಣವಿಲ್ಲ.

ಜಿಲ್ಲೆಯ ಗೆರೆ ಬರೀ ಗೌರವದ ಮಾತಲ್ಲ ಎಂದು ಕಲಿಸಿದ್ದು ಹರಪನಹಳ್ಳಿ. ಸಂವಿಧಾನದ 371(ಜೆ) ವಿಧಿ ಬಂದಾಗ ಬಳ್ಳಾರಿ ಜಿಲ್ಲೆ ಅದರ ವ್ಯಾಪ್ತಿಗೆ ಸೇರಿತು. ಬಳ್ಳಾರಿ ಬಿಟ್ಟು ದಾವಣಗೆರೆಗೆ ಬಂದಿದ್ದ ಹರಪನಹಳ್ಳಿ ಹೊರಗೆ ಉಳಿಯಿತು. ಪಕ್ಕದ ಹಡಗಲಿಯ ಹುಡುಗನಿಗೆ ಉದ್ಯೋಗದಲ್ಲಿ, ವೈದ್ಯಕೀಯ ಸೀಟಿನಲ್ಲಿ ಮೀಸಲಾತಿ, ಇವರ ಹುಡುಗನಿಗೆ ಇಲ್ಲ. ಹೋರಾಟ ನಡೆಯಿತು, 2018ರಲ್ಲಿ ತಾಲ್ಲೂಕು ಮತ್ತೆ ಬಳ್ಳಾರಿಗೆ ಹೋಯಿತು, 2021ರಲ್ಲಿ ಹೊಸಪೇಟೆ ಕೇಂದ್ರದ ವಿಜಯನಗರ ಜಿಲ್ಲೆಗೆ ಸೇರಿತು. ಆದರೆ ಲೋಕಸಭೆಗೆ ಅವರು ಮತ ಹಾಕುವುದು ಈಗಲೂ ದಾವಣಗೆರೆ ಕ್ಷೇತ್ರದಲ್ಲಿ. ಕೌದಿಯ ಒಂದು ಚೂರು ಬಿಚ್ಚಿಕೊಂಡು ಹೋದ ಮೇಲೂ ಒಂದು ದಾರ ಉಳಿದಿದೆ.

ನನ್ನಂಥವರಿಗೆ ಗೆರೆ ತಾಗಿದ್ದು ವಿಶ್ವವಿದ್ಯಾಲಯದಲ್ಲಿ. 1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಶುರುವಾದ ಮೇಲೆ ಶಿವಮೊಗ್ಗ, ಚಿಕ್ಕಮಗಳೂರು, ಚಿತ್ರದುರ್ಗ, ದಾವಣಗೆರೆಯ ಮಕ್ಕಳೆಲ್ಲ ಅಲ್ಲಿಗೆ ಬರುತ್ತಿದ್ದರು. 2009ರಲ್ಲಿ ತೋಳಹುಣಸೆಯಲ್ಲಿ ದಾವಣಗೆರೆ ವಿಶ್ವವಿದ್ಯಾಲಯವಾಯಿತು, ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಕಾಲೇಜುಗಳು ಅದಕ್ಕೆ ಸೇರಿದವು. ಹೊನ್ನಾಳಿಯ ಅಣ್ಣನ ಪದವಿ ಕುವೆಂಪು ವಿಶ್ವವಿದ್ಯಾಲಯದ್ದು, ತಂಗಿಯದು ದಾವಣಗೆರೆಯದು. ಪೈಪೋಟಿ ಇಲ್ಲೂ ಇದೆ, ಆದರೆ ಗ್ರಂಥಾಲಯದಲ್ಲಿ ಒಂದು ಪುಸ್ತಕ ಸಿಗದಿದ್ದರೆ ನಾವು ಇನ್ನೊಂದು ಕಡೆಗೆ ಬಸ್ ಹತ್ತುತ್ತೇವೆ.

ಸಂಶೋಧನೆಯ ಮೇಜಿನ ಮೇಲೆ ಈ ಜಿಲ್ಲೆ ಒಂದಾಗಿ ಕೂರುವುದೇ ಇಲ್ಲ. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಹೊನ್ನಾಳಿ, ಚನ್ನಗಿರಿಯ ಶಾಸನಗಳು 7ನೇ ಸಂಪುಟದಲ್ಲಿವೆ, 1902ರದ್ದು, ಹೆಸರು ಶಿವಮೊಗ್ಗ. ದಾವಣಗೆರೆ, ಜಗಳೂರಿನವು 11ನೇ ಸಂಪುಟದಲ್ಲಿ, 1903ರದ್ದು, ಹೆಸರು ಚಿತ್ರದುರ್ಗ. ಹರಪನಹಳ್ಳಿಯದಕ್ಕೆ ಮದ್ರಾಸಿನವರ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ತೆಗೆಯಬೇಕು. ಹರಿಹರೇಶ್ವರ ದೇವಾಲಯದ ಪ್ರಸಿದ್ಧ ಶಾಸನಗಳು ದಾವಣಗೆರೆಯ ಸಂಖ್ಯೆಗಳಲ್ಲಿ ಬರುತ್ತವೆ, ಆಗ ಹರಿಹರ ದಾವಣಗೆರೆ ತಾಲ್ಲೂಕಿನಲ್ಲಿತ್ತು. ಇದನ್ನು ಹರಿಹರದ ಗೆಳೆಯರ ಎದುರು ನಾನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಸಿಂದರ ಬೆಳಗುತ್ತಿ ಈಗ ನ್ಯಾಮತಿ ತಾಲ್ಲೂಕು. ಅಲ್ಲಿನ ಶಾಸನಗಳಿಗೆ ನೂರಿಪ್ಪತ್ತು ವರ್ಷದಿಂದ ಹೊನ್ನಾಳಿಯ ಸಂಖ್ಯೆಗಳಿವೆ, ಪ್ರಪಂಚದ ಯಾವ ವಿದ್ವಾಂಸ ಹುಡುಕಿದರೂ ಆ ಸಂಖ್ಯೆಯಲ್ಲೇ ಹುಡುಕುತ್ತಾನೆ. ನನ್ನ ಪ್ರಬಂಧದ ನಕ್ಷೆಯಲ್ಲಿ ಬೆಳಗುತ್ತಿಯ ಚುಕ್ಕೆಯ ಪಕ್ಕದಲ್ಲಿ ಹೊನ್ನಾಳಿಯ ಹಳೆಯ ಸಂಖ್ಯೆಯನ್ನು ಹಾಗೇ ಇಟ್ಟು, ಕೆಳಗೆ ಸಣ್ಣಕ್ಷರದಲ್ಲಿ ಈಗ ನ್ಯಾಮತಿ ತಾಲ್ಲೂಕು, ದಾವಣಗೆರೆ ಜಿಲ್ಲೆ ಎಂದು ಬರೆದಿದ್ದೇನೆ. ಮಾರ್ಗದರ್ಶಕರು ಅದಕ್ಕೆ 2026ರಲ್ಲಿದ್ದಂತೆ ಎಂದು ಸೇರಿಸಲು ಹೇಳಿದ್ದಾರೆ.